ಖಾಲಿ ಬೆಂಚಿನ ಕಾರಣ

"ಈ ಗೆರೆ ಕೆಳಗಿಳೀತಾನೇ ಇದೆಯಲ್ಲ, ಯಾಕೆ ಸಿಸ್ಟರ್?"

ಆರೋಗ್ಯ ಕೇಂದ್ರದ ಬಾಗಿಲಲ್ಲೇ ನಿಂತು, ಕೈಯಲ್ಲಿದ್ದ ಟ್ಯಾಬಿನ ಗ್ರಾಫನ್ನು ಅವಳತ್ತ ತಿರುಗಿಸಿ ಅವನು ಆಡಿದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ...

ನರ್ಸ್ ಕೈಯಲ್ಲಿದ್ದ ಟ್ರೇ ಮೇಜಿನ ಮೇಲೆ ಕುಕ್ಕಿದಳು. ಬೆಳಗಿನಿಂದ ನಿಂತೂ ನಿಂತೂ ಕಾಲು ಸೋತುಹೋಗಿದ್ದವು.

"ಮುಚ್ಚೋಕೆ ಬಂದಿದ್ದೀರಿ. ಕಾರಣ ಬೇರೆ ಬೇಕಾ?"

ಅವನು ಮೇಲಿನ ಕಚೇರಿಯ ಅಂಕಿಅಂಶ ಅಧಿಕಾರಿ. ಬರುವ ರೋಗಿಗಳು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದ್ದರು. ಅಂದಮೇಲೆ ಈ ಬಡಾವಣೆಗೆ ಕೇಂದ್ರವೇ ಬೇಕಿಲ್ಲ ಎಂಬುದು ಕಚೇರಿಯ ಲೆಕ್ಕ. ಮುಚ್ಚಿದರೆ ಅವಳಿಗೆ ದೂರದೂರಿಗೆ ವರ್ಗ.

ಹಾಸಿಗೆ ಹಿಡಿದ ಅಮ್ಮನನ್ನು ಯಾರ ಕೈಗೊಪ್ಪಿಸಲಿ?

ಆಮೇಲೆ ಅವನು ಮನೆಮನೆ ಸುತ್ತತೊಡಗಿದ. ಎಲ್ಲರ ಹತ್ತಿರವೂ ನಿನ್ನ ವಿಷಯವನ್ನೇ ಕೆದಕುತ್ತಿದ್ದಾನೆಂದು ಎದುರುಮನೆಯ ಟೈಲರಮ್ಮ ಬಂದು ಕಿವಿಯೂದಿದಳು.

ದೂರು ಗುಡ್ಡೆ ಹಾಕುತ್ತಿದ್ದಾನೆ! ಅಂದಿನಿಂದ ಅವನು ಎದುರಾದಾಗಲೆಲ್ಲ ಅವಳು ಮುಖ ತಿರುಗಿಸಿದಳು. ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲ... ಅದೂ ಉಳಿದಿರಲಿಲ್ಲ.

ಭಾನುವಾರ ಬಡಾವಣೆಯವರನ್ನೆಲ್ಲ ಅವನೇ ಸಭೆ ಸೇರಿಸಿದ. ಅವಳು ಗೋಡೆಗೊರಗಿ ನಿಂತಳು.

ಹೊಸ ಗಾರ್ಮೆಂಟ್ಸ್ ಶುರುವಾದ ಮೇಲೆ ಹೆಂಗಸರೆಲ್ಲ ಅಲ್ಲೇ ಕೆಲಸಕ್ಕಿದ್ದಾರೆ, ಬಸ್ಸಿಳಿದು ಬರುವಷ್ಟರಲ್ಲಿ ಕೇಂದ್ರ ಮುಚ್ಚಿರುತ್ತದೆ ಎಂದಳು ಟೈಲರಮ್ಮನ ಸೊಸೆ. ಹೌದು ಹೌದು ಎಂದು ಹಲವರು ದನಿಗೂಡಿಸಿದರು.

ಮುಂದೆ ಕೂತಿದ್ದ ಅಜ್ಜಿ ಸೆರಗು ಸರಿಪಡಿಸಿಕೊಂಡಳು. "ಬೇಜಾರು ಮಾಡ್ಕೋಬೇಡ ಮಗಳೇ. ನಿನ್ನ ಸೂಜಿಗಿಂತ ಬೈಗುಳಾನೇ ಜಾಸ್ತಿ ಚುಚ್ಚತ್ತೆ."

ಸಭೆ ಗೊಳ್ಳೆಂದಿತು. ಅವಳ ಕಣ್ಣು ತುಂಬಿತು. ಸುಳ್ಳೇನಲ್ಲ... ಒಬ್ಬಳೇ ಎಷ್ಟೆಂದು ಎಳೆಯುವುದು?

ಆಗ ಅವನು ಎದ್ದ. ಜನಕ್ಕೆ ಕೇಂದ್ರ ಬೇಡವಾಗಿಲ್ಲ, ಹೊತ್ತು ಹೊಂದುತ್ತಿಲ್ಲ ಅಷ್ಟೇ ಎಂದ. ಸಂಜೆಯೂ ತೆರೆದಿರಬೇಕು, ಅದಕ್ಕೆ ಇನ್ನೊಬ್ಬ ನರ್ಸ್ ಬರಬೇಕು ಎಂಬ ಮನವಿಗೆ ಎಲ್ಲರಿಂದಲೂ ಸಹಿ ಹಾಕಿಸಿದ. ಕಚೇರಿ ಗೊಣಗುತ್ತಲೇ ಒಪ್ಪಿತು.

ಹೊಸ ನರ್ಸ್ ಬಂದ ಮೊದಲ ಸಂಜೆ ಬೆಂಚು ತುಂಬಿ ಜನ ಹೊರಗೂ ನಿಂತಿದ್ದರು. ಹೊಸಬಳಿಗೆ ಕೆಲಸ ಒಪ್ಪಿಸಿ ಇವಳು ಹೊರಬಂದರೆ, ಮೆಟ್ಟಿಲ ಮೇಲೆ ಅವನು ಕೂತಿದ್ದ.

"ನನ್ನ ವಿಷಯ ಊರವರನ್ನೆಲ್ಲ ಕೇಳಿದ್ರಿ," ಎಂದಳು. "ನನ್ನನ್ನೇ ಕೇಳ್ಬಹುದಿತ್ತಲ್ಲ?"

"ಭಯ ಆಗ್ತಿತ್ತು. ಈಗ ಕೇಳ್ಲಾ?" ಅವನು ತಡವರಿಸಿದ. "ನಿಮಗೆ... ಸುಸ್ತಾಗಲ್ವಾ?"

ಈ ಮಾತನ್ನು ಇದುವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಅಮ್ಮ ಕೂಡ.

"ಇದೂ ಕಚೇರಿ ಪ್ರಶ್ನೇನಾ?"

"ಅಲ್ಲ. ನಿಮ್ಮನ್ನ ಇಷ್ಟಪಟ್ಟಿದೀನಿ. ಅದಕ್ಕೇ ಕೇಳ್ತಿದೀನಿ."

ಅವಳು ಮೆಲ್ಲಗೆ ಅವನ ಪಕ್ಕದಲ್ಲಿ ಕುಳಿತಳು. ಚಪ್ಪಲಿ ಕಳಚಿ, ಊದಿದ ಪಾದಗಳನ್ನು ತಣ್ಣನೆಯ ಕಲ್ಲಿಗೆ ತಾಗಿಸಿದಳು.

"ತುಂಬಾ ಆಗತ್ತೆ... ಹೇಳ್ತಾ ಕೂತ್ರೆ ಒಂದು ಸಂಜೆಗೆ ಮುಗಿಯಲ್ಲ."

"ಮುಗಿಯೋದು ಬೇಡ."