ಆಪರೇಷನ್ ಒಲ್ಲೆನೆಂದ ಡಾಕ್ಟರು

"ಅಯ್ಯೋ... ಬಿಡ್ರೀ! ಕೈ ಕಿತ್ತೇ ಬಿಡ್ತೀರಾ?"

ಮುರಿದ ಬಲ ಮಣಿಕಟ್ಟನ್ನು ಎಳೆದು ನೇರ ಮಾಡುತ್ತಿದ್ದ ಮೂಳೆ ಡಾಕ್ಟರ ಕಾಲರನ್ನು ಅವಳು ಎಡಗೈಯಿಂದ ಹಿಡಿದೇಬಿಟ್ಟಳು! ತಾನು ಕೆಲಸ ಮಾಡುವ ಪಾರ್ಲರಿನ ಒದ್ದೆ ನೆಲದಲ್ಲಿ ಜಾರಿ ಬಿದ್ದು, ನೇರ ಆಸ್ಪತ್ರೆಗೆ ಬಂದಿದ್ದಳು.

"ಹಿಡ್ಕೊಂಡೇ ಇರಿ. ಒಂದೇ ನಿಮಿಷ," ಎಂದ ಅವನು, ಮುಖ ಕೂಡ ಗಂಟಿಕ್ಕದೆ.

ಎಕ್ಸ್‌ರೇ ಬಂದಾಗ ಮಾತ್ರ ಗಂಭೀರನಾದ.

"ಮೂಳೆ ಕೀಲಿನೊಳಗೇ ಚೂರಾಗಿದೆ. ಬರೀ ಪ್ಲಾಸ್ಟರ್ ಸಾಲಲ್ಲ. ಚರ್ಮದ ಮೇಲಿಂದ ತಂತಿ ಚುಚ್ಚಿ ನಿಲ್ಲಿಸಬಹುದು, ಹೊರಗಡೆ ಸರಳಿನ ಚೌಕಟ್ಟು ಹಾಕಬಹುದು. ಇಲ್ಲಾಂದ್ರೆ ಕೊಯ್ದು, ಚೂರು ಜೋಡಿಸಿ, ಒಳಗೇ ಪ್ಲೇಟು ಸ್ಕ್ರೂ ಹಾಕೋದು. ಏನು ಕೆಲಸ ನಿಮ್ದು?"

"ಕೂದಲು ಕತ್ತರಿಸ್ತೀನಿ." ಅವಳು ಊದಿದ ಬಲಗೈ ನೋಡಿಕೊಂಡಳು. "ಮತ್ತೆ ಕತ್ತರಿ ಹಿಡಿಯೋಕೆ ಆಗುತ್ತಾ?"

"ಹಾಗಾದ್ರೆ ಪ್ಲೇಟೇ ಮೇಲು, ಬೇಗ ಕೈ ಆಡಿಸಬಹುದು. ಸ್ವಲ್ಪ ಬಿಗಿತ ಉಳಿದರೂ ಉಳೀಬಹುದು... ಸುಳ್ಳು ಹೇಳಲ್ಲ."

ಊತ ಇಳಿಯಲೆಂದು ಕಾದ ದಿನಗಳಲ್ಲಿ ಅವನು ಬೆಳಿಗ್ಗೆ, ಸಂಜೆ ಬಂದು ಅವಳ ಬೆರಳು ಆಡಿಸುತ್ತಿದ್ದ. ಅವಳು ಗದರುತ್ತಿದ್ದಳು. "ನಿಮ್ಮ ಕ್ರಾಪು ಯಾವ ಪುಣ್ಯಾತ್ಮ ಕೆಡಿಸಿದ್ದು?" ಎಂದು ಕೇಳಿದ ದಿನ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವನ ಹೆಜ್ಜೆ ಸದ್ದಿಗೇ ಅವಳ ಎದೆ ಹೊಡೆದುಕೊಳ್ಳತೊಡಗಿತು.

'ಇವರು ಮಾಡಿದ್ರೆ ನಂಗೆ ಭಯ ಇಲ್ಲ...'

ಆಪರೇಷನ್ ದಿನ ಸ್ಟ್ರೆಚರ್ ತಳ್ಳುತ್ತಾ ನರ್ಸಕ್ಕ ಹೇಳಿದಳು. "ದೊಡ್ಡ ಡಾಕ್ಟರ್ ಮೇಡಂ ಮಾಡ್ತಾರಮ್ಮ. ಸಾರ್ ತಮ್ಮ ಕೈಲಾಗಲ್ಲ ಅಂದ್ರು."

ಅವಳು ತಟ್ಟನೆ ಎದ್ದು ಕೂತಳು! 'ಅಷ್ಟು ಕೆಟ್ಟುಹೋಗಿದೆಯಾ? ಮೆಲ್ಲಗೆ ಜಾರಿಕೊಂಡ್ರಾ?'

"ಅವರನ್ನ ಕರೀರಿ! ಇಲ್ಲಾಂದ್ರೆ ನಾನು ಒಳಗೆ ಬರಲ್ಲ!"

ಅವನು ಓಡಿ ಬಂದ.

"ಇಷ್ಟು ಧೈರ್ಯ ತುಂಬಿ ಈಗ ನಡುನೀರಲ್ಲಿ ಬಿಟ್ಟರಲ್ಲ! ನನ್ನ ಕೈ ಸರಿಹೋಗಲ್ಲ, ಅಲ್ವಾ?"

"ಹೋಗುತ್ತೆ! ಮೇಡಂ ನನಗೇ ಕಲಿಸಿದವರು..."

"ಮತ್ತೆ ನಿಮಗೇನಾಯ್ತು?"

ಅವನು ತಲೆ ತಗ್ಗಿಸಿದ. "ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಸ್ವಂತದವರಿಗೆ ನಾವು ಚಾಕು ಹಿಡಿಯಲ್ಲ. ಅಮ್ಮ, ತಂಗಿ... ಅಂಥವರಿಗೆ. ನಿನ್ನೆ ನಿಮ್ಮ ಎಕ್ಸ್‌ರೇ ಹಿಡಿದಾಗ ನನ್ನ ಕೈ ನಡುಗ್ತು."

ಅರ್ಥವಾಗುತ್ತಿದ್ದಂತೆ ಅವಳ ಕಣ್ಣು ತುಂಬಿ ಬಂತು. ಬೈಯಲು ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ!

"ಮೊದಲೇ ಹೇಳೋಕೆ ಏನಾಗಿತ್ತು?"

"ನನ್ನ ಪೇಷೆಂಟಿಗೆ ಹೇಗೆ ಹೇಳ್ಲಿ? ಈಗ ನೀವು ಮೇಡಂ ಪೇಷೆಂಟು. ಉತ್ತರ ಇವತ್ತೇ ಬೇಡ..."

ಥಿಯೇಟರಿನ ಬಾಗಿಲು ತೆರೆಯಿತು. ಅವಳು ಎಡಗೈಯಿಂದ ಅವನ ತೋಳು ಹಿಡಿದಳು.

"ನಂಗೆ ಎಚ್ಚರ ಆದಾಗ ಪಕ್ಕದಲ್ಲಿ ಇರ್ತೀರಾ?"

"ರೌಂಡ್ಸಿಗೆ ಬಂದೇ ಬರ್ತೀನಲ್ಲ..."

"ರೌಂಡ್ಸಿಗಲ್ಲ ರೀ! ಆ ಬಿಳಿ ಕೋಟು ಬಿಚ್ಚಿಟ್ಟು ಬನ್ನಿ."