ಅತ್ತೆ ಗುಂಡಿಯ ಅತ್ತೆ ಯಾರು?

ಆ ಭಾನುವಾರ ಬೆಳಗ್ಗೆ ಹಲ್ಲಿನ ಡಾಕ್ಟರು ಹನ್ನೊಂದನೇ ಗುಳಿಯ ಪಕ್ಕದ ಮರಳಗುಂಡಿಯಲ್ಲಿ ನಿಂತು ಒಂಬತ್ತನೇ ಸಲ ಕೋಲು ಬೀಸುತ್ತಿದ್ದರು. ಚೆಂಡು ಇದ್ದಲ್ಲೇ ಇತ್ತು. ಹತ್ತನೇ ಸಲ ಬೀಸುವಷ್ಟರಲ್ಲಿ ಹುಲ್ಲಪ್ಪ ಓಡಿ ಬಂದ. ಮೂವತ್ತು ವರ್ಷದಿಂದ ಆ ಕಡಲತೀರದ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಂಡು ಬಂದವನು ಅವನು. ಹುಲ್ಲಿಗೆ ನೋವಾದೀತೆಂದು ಮೆಲ್ಲಗೆ ನಡೆಯುವ ಮನುಷ್ಯ ಓಡುತ್ತಿದ್ದಾನೆಂದರೆ ಆಗಬಾರದ್ದೇನೋ ಆಗಿದೆ ಎಂದು ಡಾಕ್ಟರಿಗೆ ಗೊತ್ತಾಯಿತು.

"ಡಾಕ್ಟ್ರೇ, ನಿಮ್ಮ ದೊಡ್ಡಮ್ಮನ್ನ ಕರ್ಕೊಂಡ್ಬನ್ನಿ! ಗಾಜಿನ ಪೆಟ್ಟಿಗೇಲಿದ್ದ ದಾನಪತ್ರ ಮಾಯ ಆಗಿದೆ. ನಾನೇ ಕದ್ದೆ ಅಂತಿದಾರೆ. ಸಂಜೆ ಐದಕ್ಕೆ ಸಭೆ. ಅಷ್ಟರೊಳಗೆ ಸಿಗದಿದ್ರೆ ನನ್ನ ಕೆಲಸಾನೂ ಹೋಯ್ತು, ಮಾನಾನೂ ಹೋಯ್ತು."

ಡಾಕ್ಟರು ಚೆಂಡನ್ನು ಕೈಯಲ್ಲೇ ಎತ್ತಿ ಜೇಬಿಗೆ ಹಾಕಿಕೊಂಡರು. ನಿಜ ಹೇಳಬೇಕೆಂದರೆ ಅವರಿಗೆ ಅದೊಂದು ಬಿಡುಗಡೆಯೇ ಆಗಿತ್ತು.

ಅವರ ದೊಡ್ಡಮ್ಮ ನಲವತ್ತು ವರ್ಷ ಅಚ್ಚುಕೂಟವೊಂದರಲ್ಲಿ ಕರಡು ತಿದ್ದಿ ನಿವೃತ್ತರಾದವರು. ಊರಿನಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಅವರ ಮನೆಯ ಕರೆಗಂಟೆ ಸದ್ದು ಮಾಡುತ್ತಿತ್ತು. ಪ್ರತಿ ಸಲವೂ ಸ್ಕೂಟರ್ ಓಡಿಸುವುದು, ತಪ್ಪು ಮನುಷ್ಯನ ಮೇಲೆ ಅನುಮಾನ ಪಡುವುದು, ಕೊನೆಯಲ್ಲಿ ಬಾಯಿ ಬಿಟ್ಟು ಕೇಳುವುದು, ಈ ಮೂರೂ ಡಾಕ್ಟರ ಪಾಲಿನ ಕೆಲಸ. ಅದರಲ್ಲಿ ಅವರಿಗೆ ಒಳಗೊಳಗೇ ಹೆಮ್ಮೆ.

ಸ್ಕೂಟರಿನ ಹಿಂದೆ ಕುಳಿತ ದೊಡ್ಡಮ್ಮ, "ಮೊದಲಿಂದ ಹೇಳೋ" ಎಂದರು.

ಡಾಕ್ಟರು ಗಾಳಿಗೆ ಎದುರಾಗಿ ಕೂಗಿ ಕೂಗಿ ಹೇಳಿದರು. ಹಿಂದೊಮ್ಮೆ ಹಡಗಿನ ಕಪ್ತಾನರೊಬ್ಬರು ಯಾರಿಗೂ ಬೇಡವಾಗಿದ್ದ ಮರಳುದಿಬ್ಬಗಳನ್ನು ಕೊಂಡು ಈ ಮೈದಾನ ಮಾಡಿ, ದಾನಪತ್ರ ಬರೆದು ಊರಿಗೇ ಬಿಟ್ಟುಕೊಟ್ಟಿದ್ದರು. ಕಚೇರಿಯಲ್ಲಿದ್ದ ನಕಲು ಎಂದೋ ಕಡಲು ಉಕ್ಕಿದಾಗ ನೀರುಪಾಲಾಗಿತ್ತು. ಉಳಿದಿದ್ದ ಮೂಲಪತ್ರ ಕ್ಲಬ್ಬಿನ ಹಜಾರದ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದನ್ನು ಮಡಿಸಿ ಇಟ್ಟಿದ್ದರಿಂದ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ಮೂರು ದಿನದ ಕೆಳಗೆ ಕಪ್ತಾನರ ಹಳೇ ಗಾಲ್ಫ್ ಚೀಲದ ಧೂಳು ಒರೆಸುವಾಗ ಅದರಲ್ಲಿ ಇನ್ನೊಂದು ಕಾಗದ ಸಿಕ್ಕಿತ್ತು. ಮೈದಾನದ ಒಂದು ಭಾಗ ದಾನಕ್ಕೆ ಸೇರಿಲ್ಲ, ಅದು ತನ್ನ ವಂಶದವರದು ಎಂದು ಅದರಲ್ಲಿತ್ತು. ಸುದ್ದಿ ತಿಳಿದು ಕಪ್ತಾನರ ಮೊಮ್ಮಗ ಬಂದಿಳಿದಿದ್ದ. ಆ ಜಾಗಕ್ಕೆ ಹೋಟೆಲಿನವರೊಬ್ಬರು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು.

"ಕಾಗದ ಸಿಕ್ಕಿದ್ದು ಯಾರಿಗೆ?"

"ಹುಲ್ಲಪ್ಪನಿಗೇ! ಪೆಟ್ಟಿಗೆಯ ಬೀಗದ ಕೈ ಇರೋದೂ ಅವನ ಹತ್ರ. ಅದಕ್ಕೇ ಎಲ್ಲರೂ ಅವನ ಮೇಲೆ ಬಿದ್ದಿರೋದು."

ಕ್ಲಬ್ಬಿನ ಬಾಗಿಲಲ್ಲೇ ಕಾರ್ಯದರ್ಶಿಗಳು ಎದುರಾದರು. ಇಸ್ತ್ರಿ ಮಾಡಿದ ಕರವಸ್ತ್ರದಂಥ ಮನುಷ್ಯ. ಡಾಕ್ಟರ ಬೂಟಿನ ಮರಳು ನೋಡಿ ಮುಖ ಕಿವುಚಿದರು. ಮಾತಾಡುತ್ತಲೇ ಛತ್ರಿಗಳ ಡಬ್ಬವನ್ನು ಗೋಡೆಗೆ ಸರಿಸಿದರು, ಮೇಜಿನ ಮೇಲಿನ ಪತ್ರಿಕೆಗಳನ್ನು ಒಂದರ ಮೇಲೊಂದು ಜೋಡಿಸಿದರು, ಡಾಕ್ಟರ ಮಡಚಿದ ಕಾಲರನ್ನೂ ನೇರ ಮಾಡಿದರು. ಬಾಗಿಲ ಪಕ್ಕದಲ್ಲಿ ಮೈದಾನದ ದೊಡ್ಡ ನಕ್ಷೆ ಎಡಕ್ಕೆ ವಾಲಿಕೊಂಡು ತೂಗುತ್ತಿತ್ತು. ಅದರ ಮುಂದೆ ಅವರು ಮೂರು ಸಲ ಓಡಾಡಿದರು.

"ಗಾಜು ಒಡೆದಿಲ್ಲಮ್ಮ, ಬೀಗ ಮುರಿದಿಲ್ಲ" ಎಂದರು. "ಕೀಲಿಕೈ ಎರಡೇ. ಒಂದು ನನ್ನ ಮೇಜಿನ ಖಾನೇಲಿ. ಇನ್ನೊಂದು ಹುಲ್ಲಪ್ಪನ ಹತ್ರ, ದಿನಾ ಗಾಜು ಒರೆಸ್ತಾನಲ್ಲ."

"ನಿಮ್ಮ ಖಾನೆಗೆ ಬೀಗ ಉಂಟಾ?"

"ಇಲ್ಲ. ಕಪ್ತಾನರ ಮೊಮ್ಮಗ ಪಕ್ಕದ ಅತಿಥಿ ಕೋಣೇಲೇ ಇದಾರೆ. ಆದ್ರೆ ಅವರು ದೊಡ್ಡ ಮನೆತನದವರು."

ಡಾಕ್ಟರು ದೊಡ್ಡಮ್ಮನ ಕಡೆ ನೋಡಿ ಹುಬ್ಬು ಹಾರಿಸಿದರು. ಅವರ ಮಟ್ಟಿಗೆ ಪ್ರಕರಣ ಮುಗಿದಿತ್ತು: ಜಾಗ ಯಾರಿಗೆ ಸಿಗುತ್ತದೋ ಅವನೇ ಕಳ್ಳ.

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಹೊಸದಾಗಿ ಸಿಕ್ಕ ಕಾಗದವನ್ನು ಕೈಗೆತ್ತಿಕೊಂಡರು. ಹಳೇ ದಿನಚರಿಯ ಖಾಲಿ ಹಾಳೆ. ಮೈದಾನ ಶುರುವಾದ ವಾರದ ತಾರೀಖು. "ಅತ್ತೆ ಗುಂಡಿಯಿಂದ ದೀಪಸ್ತಂಭದವರೆಗಿನ ನೆಲವನ್ನು ನಾನು ಯಾರಿಗೂ ಕೊಟ್ಟಿಲ್ಲ. ಅದು ನನ್ನ ವಂಶದವರಿಗೆ ಸೇರಿದ್ದು" ಎಂದು ಬರೆದಿತ್ತು.

"ಅತ್ತೆ ಗುಂಡಿ ಅಂದ್ರೆ ಯಾವುದು?"

"ಹನ್ನೊಂದನೇ ಗುಳಿ ಪಕ್ಕದ್ದು. ನನ್ನ ರಜಾದಿನಗಳೆಲ್ಲ ಅದರಲ್ಲೇ ಕಳೆದಿರೋದು" ಎಂದರು ಡಾಕ್ಟರು.

ಕಾರ್ಯದರ್ಶಿಗಳು ನಕ್ಕರು. "ಬಂದ ಅತಿಥಿಗಳಿಗೆಲ್ಲ ನಾನು ಈ ಕತೆ ಹೇಳ್ತೀನಿ. ಕಪ್ತಾನರ ಹೆಂಡತಿಯ ತಾಯಿ ಅದರಲ್ಲಿ ಬಿದ್ರಂತೆ. ಅಳಿಯ ಆಟ ಮುಗಿಸಿ ಬಂದಮೇಲೇ ಎತ್ತಿದ್ದಂತೆ!"

ದೊಡ್ಡಮ್ಮನೂ ಮನಸಾರೆ ನಕ್ಕರು. ಆಮೇಲೆ ಹಿಂದಿನ ಕೊಟ್ಟಿಗೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಹುಲ್ಲಪ್ಪನ ಹತ್ತಿರ ಹೋದರು. ಅವನ ಕಣ್ಣು ಕೆಂಪಾಗಿತ್ತು.

"ಚೀಲ ಒರೆಸು ಅಂತ ಯಾರು ಹೇಳಿದ್ದು?"

"ಕಾರ್ಯದರ್ಶಿ ಸಾಹೇಬ್ರು. ಜೇಬಿನ ಒಳಗೂ ಒರೆಸು ಅಂದ್ರು. ಒರೆಸಿದೆ, ಕಾಗದ ಸಿಕ್ತು, ತಂದ್ಕೊಟ್ಟೆ. ಅಷ್ಟೇ ತಾಯಿ ನಾನು ಮಾಡಿದ ತಪ್ಪು."

"ಅತ್ತೆ ಗುಂಡೀನ ಮೊದಲು ತೋಡಿದ್ದು ಯಾವಾಗ?"

ಹುಲ್ಲಪ್ಪ ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಆ ಹೆಸರು ನಾನು ಬಾಯಲ್ಲಿ ತರಲ್ಲಮ್ಮ. ನಮ್ಮತ್ತೆ ನಮ್ಮನೇಲೇ ಇದಾರೆ. ಕೇಳಿಸ್ಕೊಂಡ್ರೆ ನನ್ನನ್ನೇ ಹೂತುಹಾಕ್ತಾರೆ. ನಾನು ಹನ್ನೊಂದರ ಗುಂಡಿ ಅಂತೀನಿ, ಬರೆಯೋದೂ ಹಾಗೇ." ಕೆಲಸದ ಪುಸ್ತಕ ತೆಗೆದು ತೋರಿಸಿದ. ಮೂವತ್ತು ವರ್ಷದ ಪುಟಗಳಲ್ಲಿ ಎಲ್ಲೂ ಅತ್ತೆ ಇರಲಿಲ್ಲ.

ಮೊಮ್ಮಗ ಅತಿಥಿ ಕೋಣೆಯಲ್ಲಿ ಬಿಸ್ಕತ್ತು ತಿನ್ನುತ್ತ ಕುಳಿತಿದ್ದ. ದೂರದ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡ ದುಂಡನೆಯ ಆಸಾಮಿ. ಡಾಕ್ಟರು ಅವನನ್ನು ಗುರಾಯಿಸಿದರು. ಅವನು ಅವರಿಗೂ ಬಿಸ್ಕತ್ತು ಕೊಟ್ಟ.

"ಕಾರ್ಯದರ್ಶಿಗಳು ಫೋನ್ ಮಾಡಿ ಬರಹೇಳಿದ್ರು, ಬಂದೆ. ನನಗೆ ಈ ಆಟದ ಗಂಧ ಗಾಳಿ ಗೊತ್ತಿಲ್ಲ. ನಮ್ಮ ತಾತ, ಅಜ್ಜಿ ಮೊದಲು ನೋಡಿಕೊಂಡಿದ್ದು ಇದೇ ಮೈದಾನದಲ್ಲಂತೆ. ಅಜ್ಜಿ ಟೋಪಿ ಗಾಳಿಗೆ ಹಾರಿ ತಾತನ ಮುಖದ ಮೇಲೆ ಬಿತ್ತಂತೆ. ಆಮೇಲೆ ಆ ಗುಂಡಿ ಕತೆ ಬೇರೆ. ನಮ್ಮಪ್ಪನಿಗೆ ಆಗ ಏಳು ವರ್ಷ. ಅವರ ಸೋದರತ್ತೆ ಅದರಲ್ಲಿ ಜಾರಿ ಬಿದ್ರು. ಅಪ್ಪ 'ಅತ್ತೆ ಗುಂಡಿ, ಅತ್ತೆ ಗುಂಡಿ' ಅಂತ ಊರೆಲ್ಲ ಕೂಗಿಕೊಂಡು ಓಡಾಡಿದ್ರಂತೆ. ಹೆಸರು ಹಾಗೇ ನಿಂತುಬಿಡ್ತು."

ದೊಡ್ಡಮ್ಮ ಇನ್ನೊಂದು ಬಿಸ್ಕತ್ತು ಕೇಳಿ ಇಸಿದುಕೊಂಡರು. ಅವರು ಕೇಳಿ ತಿಂದರೆಂದರೆ ತಪ್ಪು ಸಿಕ್ಕಿತು ಎಂದರ್ಥ. ಅದು ಡಾಕ್ಟರಿಗೆ ಗೊತ್ತಿತ್ತು. ಯಾವ ತಪ್ಪು ಎಂಬುದು ಮಾತ್ರ ಗೊತ್ತಿರಲಿಲ್ಲ.

ಸಂಜೆ ಐದಕ್ಕೆ ಹಜಾರ ತುಂಬಿತು. ಕ್ಲಬ್ಬಿನ ಅಧ್ಯಕ್ಷೆ, ಬಿಳಿ ಕೂದಲಿನ ನಿವೃತ್ತ ಹೆಡ್‌ಮಿಸ್ಟ್ರೆಸ್, ಮೇಜು ಕುಟ್ಟಿದರು. ಹುಲ್ಲಪ್ಪ ಟೋಪಿ ಹಿಚುಕುತ್ತ ಗೋಡೆಗೆ ಒರಗಿ ನಿಂತಿದ್ದ.

ದೊಡ್ಡಮ್ಮ ಎದ್ದು, "ಒಂದೇ ಪ್ರಶ್ನೆ. ಅತ್ತೆ ಗುಂಡಿಯ ಅತ್ತೆ ಯಾರು?" ಎಂದರು.

"ಕಪ್ತಾನರ ಹೆಂಡತಿಯ ತಾಯಿ" ಎಂದರು ಕಾರ್ಯದರ್ಶಿಗಳು.

"ನಮ್ಮಪ್ಪನ ಸೋದರತ್ತೆ ಅಲ್ವಾ?" ಎಂದ ಮೊಮ್ಮಗ.

"ನೋಡಿ, ನಮ್ಮ ಭಾಷೇಲಿ ಇಬ್ಬರೂ ಅತ್ತೇನೇ. ಎಲ್ಲಾ ಅನಾಹುತ ಆಗಿದ್ದು ಅಲ್ಲೇ" ಎಂದರು ದೊಡ್ಡಮ್ಮ. "ಬಿದ್ದಿದ್ದು ಕಪ್ತಾನರ ಒಡಹುಟ್ಟಿದವಳು. ಅವರಿಗೆ ಅವಳು ಅಕ್ಕನೋ ತಂಗಿಯೋ ಆಗ್ಬೇಕು, ಅತ್ತೆ ಆಗೋಕೆ ಹೇಗೆ ಸಾಧ್ಯ? ಹೆಸರಿಟ್ಟಿದ್ದು ಏಳು ವರ್ಷದ ಮಗ. ಈ ಕಾಗದದ ತಾರೀಖಿನಲ್ಲಿ ಆ ಮಗ ಹುಟ್ಟೇ ಇರಲಿಲ್ಲ. ಅಷ್ಟೇ ಯಾಕೆ, ಕಪ್ತಾನರಿಗೆ ಮದುವೇನೂ ಆಗಿರಲಿಲ್ಲ. ಹೆಂಡತೀನ ಮೊದಲು ನೋಡಿದ್ದೇ ಮೈದಾನ ಆದಮೇಲೆ. ಹೆಂಡತಿ ಇಲ್ಲದವನಿಗೆ ಅತ್ತೆ ಎಲ್ಲಿಂದ ಬರ್ತಾಳೆ? ಈ ಕಾಗದ ಖೋಟಾ."

ಹಜಾರದಲ್ಲಿ ಗುಸುಗುಸು ಎದ್ದಿತು.

"ಬರೆದವರು ಯಾರು? ಮೊಮ್ಮಗ ಅಲ್ಲ. ಅವರಿಗೆ ನಿಜವಾದ ಕತೆ ಗೊತ್ತು, ಕೇಳದೇನೇ ಹೇಳಿದ್ರು. ಬರೆದಿದ್ರೆ ಬಾಯಿ ಮುಚ್ಕೊಂಡಿರ್ತಿದ್ರು. ಹುಲ್ಲಪ್ಪ ಅಲ್ಲ. ಅವನು ಆ ಹೆಸರನ್ನ ಬರೆಯೋದೇ ಇಲ್ಲ, ಮನೇಲಿ ಅತ್ತೆ ಇದಾರೆ." ನಗು ಹೊಮ್ಮಿತು. "ಹೆಂಡತಿಯ ತಾಯಿ ಅಂತ ನಂಬಿದೋರು ಮಾತ್ರ ಕಪ್ತಾನರ ಕೈಲಿ 'ಅತ್ತೆ' ಅಂತ ಬರೆಸೋಕೆ ಸಾಧ್ಯ. ಹಾಗೆ ನಂಬಿ ಎಲ್ಲರಿಗೂ ಕತೆ ಹೇಳಿದೋರು, ಚೀಲದ ಜೇಬು ಒರೆಸೋಕೆ ಹೇಳಿದೋರು, ಮೊಮ್ಮಗನ್ನ ಕರೆಸಿದೋರು ಒಬ್ಬರೇ."

ಕಾರ್ಯದರ್ಶಿಗಳ ಮುಖ ಸುಣ್ಣದಂತಾಯಿತು. "ಹಾಗಾದ್ರೆ ದಾನಪತ್ರ ಎಲ್ಲಿ? ತೋರಿಸಿ!"

"ಛತ್ರಿ, ಪತ್ರಿಕೆ, ನಮ್ಮ ಡಾಕ್ಟರ ಕಾಲರು, ಕಣ್ಣಿಗೆ ಬಿದ್ದದ್ದನ್ನೆಲ್ಲ ನೆಟ್ಟಗೆ ಮಾಡಿದ್ರಿ. ಆ ವಾಲಿದ ನಕ್ಷೇನ ಮಾತ್ರ ಮುಟ್ಟಲಿಲ್ಲ. ಮುಟ್ಟಿದ್ರೆ ಹಿಂದಿರೋದು ಜಾರಿ ಬೀಳುತ್ತೆ ಅಂತ ಹೆದರಿಕೆ. ಲೋ, ಅದನ್ನ ಸ್ವಲ್ಪ ಸರಿ ಮಾಡು."

ಡಾಕ್ಟರು ನಕ್ಷೆಯನ್ನು ನೇರ ಮಾಡಿದರು. ಹಿಂದಿನಿಂದ ಹಳದಿ ಕಾಗದವೊಂದು ಜಾರಿ ಅವರ ಮರಳು ಬೂಟಿನ ಮೇಲೆ ಬಿತ್ತು. ಅವರು ಬಾಯಿ ಬಿಟ್ಟು ನೋಡಿದರು.

"ಹರಿದು ಹಾಕೋಕೆ ಕೈ ಬರಲಿಲ್ಲ. ದಾಖಲೆ ಅಲ್ವಾ" ಎಂದರು ಕಾರ್ಯದರ್ಶಿಗಳು ಸಣ್ಣ ದನಿಯಲ್ಲಿ. ಹೋಟೆಲಿನವರು ಅವರಿಗೆ ಮ್ಯಾನೇಜರ್ ಕುರ್ಚಿಯ ಆಸೆ ತೋರಿಸಿದ್ದರು.

"ಆದ್ರೆ ಹುಲ್ಲಪ್ಪನ ಮೇಲೆ ಯಾಕೆ ಹೊರಿಸಿದ್ರಿ?" ಡಾಕ್ಟರಿಗೆ ಸಿಟ್ಟು ಬಂದಿತ್ತು.

"ಪಾಪ, ಅವರಿಗೆ ಬೇರೆ ದಾರಿ ಇರಲಿಲ್ಲ ಅನ್ಸುತ್ತೆ. ಕೆಳಗಿನ ಅರ್ಧ ಓದಿ" ಎಂದು ದೊಡ್ಡಮ್ಮ, ಬಿಡಿಸಿ ಓದಿಕೊಂಡಿದ್ದ ಪತ್ರವನ್ನು ಅಧ್ಯಕ್ಷೆಗೆ ಕೊಟ್ಟರು.

ಅಧ್ಯಕ್ಷೆ ಗಟ್ಟಿಯಾಗಿ ಓದಿದರು: "ಈ ಮೈದಾನ ಊರಿನದು. ಮುಂದೆಂದಾದರೂ ಇದರ ಒಂದು ಗೇಣನ್ನಾದರೂ ಮಾರುವ ಮಾತು ಬಂದರೆ, ಆಡುವವರನ್ನು ಕೇಳಬೇಡಿ. ಆಗ ಇಲ್ಲಿ ಹುಲ್ಲು ನೋಡಿಕೊಳ್ಳುತ್ತಿರುವವನನ್ನು ಕೇಳಿ. ಅವನು ಒಪ್ಪದೆ ಮಾರಕೂಡದು." ಕೆಳಗೆ ಸಾಕ್ಷಿಯ ರುಜು ಇತ್ತು. ರುಜುವಿನ ಪಕ್ಕ ಕಪ್ತಾನರ ಕೈಬರಹದಲ್ಲೇ "ನನ್ನ ಅಕ್ಕ" ಎಂದಿತ್ತು.

ಹುಲ್ಲಪ್ಪ ಆ ಕೆಲಸದಲ್ಲಿರುವವರೆಗೆ ಅವನು ಒಪ್ಪದೆ ಒಂದು ಗೇಣನ್ನೂ ಮಾರುವಂತಿರಲಿಲ್ಲ; ಅದಕ್ಕೇ ಅವನನ್ನು ಕಳ್ಳನೆಂದು ಓಡಿಸಬೇಕಾಗಿತ್ತು. ಕಾರ್ಯದರ್ಶಿಗಳು ರಾಜೀನಾಮೆ ಬರೆದು, ಅದನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟು ಹೊರಟುಹೋದರು. ಮೊಮ್ಮಗ ಎದ್ದು, "ತಾತ ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋಕೆ ನಾನ್ಯಾರು? ನನಗೆ ಅಂಗಡಿ ಇದೆ" ಎಂದ. ಡಾಕ್ಟರಿಗೆ ಅವನನ್ನು ಬೆಳಗ್ಗೆಯಿಂದ ಗುರಾಯಿಸಿದ್ದಕ್ಕೆ ನಿಜಕ್ಕೂ ನಾಚಿಕೆಯಾಯಿತು.

ಅಧ್ಯಕ್ಷೆ ಗೋಡೆಯ ಕಡೆ ತಿರುಗಿದರು. "ಹುಲ್ಲಪ್ಪನವರೇ, ನಿಯಮದ ಪ್ರಕಾರ ಕೇಳಲೇಬೇಕು. ಮಾರೋಣವಾ?"

ಮೂವತ್ತು ವರ್ಷದಲ್ಲಿ ಆ ಹಜಾರದಲ್ಲಿ ಯಾರೂ ಅವನನ್ನು ಬಹುವಚನದಲ್ಲಿ ಕರೆದಿರಲಿಲ್ಲ. ಹುಲ್ಲಪ್ಪ ಗೋಡೆ ಬಿಟ್ಟು ಮುಂದೆ ಬಂದ. ಟೋಪಿಯಿಂದ ಕಣ್ಣೊರೆಸಿಕೊಂಡು ಕಿಟಕಿಯಾಚೆ ನೋಡಿದ.

"ಹದಿನೇಳನೇ ಗುಳಿ ಹತ್ರ ಮೊನ್ನೆ ತಾನೇ ಹೊಸ ಹುಲ್ಲು ಹಾಕಿದೀನಮ್ಮ" ಎಂದ. "ಇನ್ನೂ ಬೇರು ಬಿಟ್ಟಿಲ್ಲ. ಈಗ ಯಾರೂ ಅಲ್ಲಿ ಕಾಲಿಡೋ ಹಾಗಿಲ್ಲ. ಕೊಳ್ಳೋರೂ ಇಡೋ ಹಾಗಿಲ್ಲ, ಮಾರೋರೂ ಇಡೋ ಹಾಗಿಲ್ಲ."