ಕೇಳದೆ ಕೊಟ್ಟ ಮಡಕೆ

ಬೋಜೋ ಊರಿನ ಹಳೇ ಪೇಟೆಯಲ್ಲಿ ಯಾರು ಏನನ್ನು ಕಡ ತಂದರೂ ವಾಪಸ್ ಕೊಡುತ್ತಾರೆ, ಒಂದನ್ನು ಬಿಟ್ಟು. ಕಷಾಯ ಕಾಯಿಸುವ ಮಡಕೆಯನ್ನು ಮಾತ್ರ ತಂದವರು ತಾವಾಗಿ ಹಿಂದಿರುಗಿಸುವಂತಿಲ್ಲ. ಹಿಂದಿರುಗಿಸಿದರೆ ಅದರ ಜೊತೆ ಕಾಯಿಲೆಯನ್ನೂ ಆ ಮನೆಗೆ ಹೊತ್ತು ಹಾಕಿದಂತೆ. ಮಡಕೆಯ ಯಜಮಾನರೇ ಬಂದು, ಕೇಳಿ, ತೆಗೆದುಕೊಂಡು ಹೋಗಬೇಕು. ಇದು ಅಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು.

ಅಂಥದ್ದರಲ್ಲಿ, ಆ ಪೇಟೆಯ ಒಂದು ಓಣಿಯ ಹೆಂಗಸರ ಡಾಕ್ಟರು ಯೂ ಪೆಯ್‌ಲಾನ್ ಒಂದು ಮಂಗಳವಾರ, ಹಾಡಹಗಲಲ್ಲಿ, ತಾನು ಕಡ ತಂದಿದ್ದ, ಬೇರಿನ ವ್ಯಾಪಾರಿ ಗೂ ಹಾನ್‌ನ ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಅವನ ಮನೆಯ ಮೆಟ್ಟಿಲ ಮೇಲೆ ಇಟ್ಟು ಬಂದಳು.

ಎದುರುಗಡೆ ಮಾಂಸದ ರೊಟ್ಟಿ ಬೇಯಿಸುತ್ತಿದ್ದ ಹೆಂಗಸು ರೊಟ್ಟಿ ತಿರುವುವುದನ್ನೇ ಮರೆತಳು.

"ಡಾಕ್ಟ್ರೇ, ಅದು ಔಷಧಿ ಮಡಕೆ ಅಲ್ವಾ?"

"ಹೌದು."

"ಅವರು ಕೇಳಿದ್ರಾ?"

"ಇಲ್ಲ. ನಿಮ್ಮ ರೊಟ್ಟಿ ಸೀದುಹೋಗ್ತಿದೆ, ನೋಡಿ."

ಅಷ್ಟು ಹೇಳಿ ಪೆಯ್‌ಲಾನ್ ಕ್ಲಿನಿಕ್ಕಿಗೆ ಬಂದು, ಕೈ ತೊಳೆದು, ಮೊದಲ ರೋಗಿಯನ್ನು ಒಳಗೆ ಕರೆದಳು. ಮುಖ ನೋಡಿದರೆ ಏನೂ ನಡೆದಿಲ್ಲ ಅನ್ನಬೇಕು, ಹಾಗಿತ್ತು. ಮುಖವನ್ನು ಹಾಗೆ ಇಟ್ಟುಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು.

ಮರೆವಿನಿಂದ ಮಾಡಿದ್ದಲ್ಲ, ತಿಳಿದೂ ತಿಳಿದೂ ಮಾಡಿದ್ದು. ಒಬ್ಬ ಗಂಡಸು ತನ್ನ ಬಾಗಿಲಿಗೆ ಮತ್ತೆ ಬರಬಾರದು, ಕಾರಣವನ್ನು ತಾನು ಬಾಯಿಬಿಟ್ಟು ಹೇಳಲೂಬಾರದು ಅಂದರೆ ಆ ಊರಿನಲ್ಲಿ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ.

ಒಳಗೆ ಬಂದ ರೋಗಿ ಹೊಸ ಸೊಸೆ. ಜೊತೆಗೆ ಅತ್ತೆ. ಮಾತೆಲ್ಲ ಅತ್ತೆಯದೇ.

"ಮದುವೆಯಾಗಿ ವರ್ಷ ಆಯ್ತು, ಇನ್ನೂ ಏನೂ ಇಲ್ಲ. ಇವಳ ಕೈಕಾಲು ಯಾವಾಗ್ಲೂ ಮಂಜುಗಡ್ಡೆ. ಒಳ್ಳೇ ಕಷಾಯ ಬರ್ಕೊಡಿ."

ಪೆಯ್‌ಲಾನ್ ಸೊಸೆಯ ನಾಡಿ ನೋಡಿದಳು, ನಾಲಿಗೆ ನೋಡಿದಳು. ನಿದ್ದೆ ಹೇಗಿದೆ, ತಣ್ಣೀರು ಕುಡಿಯುತ್ತೀಯಾ, ಯಾರ ಮೇಲಾದರೂ ಸಿಟ್ಟಿದೆಯಾ ಅಂತ ಕೇಳಿದಳು. ಕೊನೆಯ ಪ್ರಶ್ನೆಗೆ ಹುಡುಗಿ ಅತ್ತೆಯ ಕಡೆ ನೋಡಿದಳು.

"ರಾತ್ರಿ ಮಲಗೋ ಮುಂಚೆ ಮಾಚಿಪತ್ರೆ ಹಾಕಿದ ಬಿಸಿನೀರಲ್ಲಿ ಪಾದ ಇಡಬೇಕು. ಶುಂಠಿ, ಒಣ ಬೋರೆಹಣ್ಣು ಹಾಕಿ ಗಂಜಿ. ಸದ್ಯಕ್ಕೆ ಇಷ್ಟೇ. ಕಷಾಯದ ಮಾತು ನಿಮ್ಮ ಮಗ ಬಂದು ಪರೀಕ್ಷೆ ಮಾಡಿಸ್ಕೊಂಡ ಮೇಲೆ."

"ಅವನ್ಯಾಕೆ? ಅವನು ಗುಂಡುಕಲ್ಲಿನ ಹಾಗಿದ್ದಾನೆ!"

"ಕರ್ಕೊಂಡು ಬನ್ನಿ."

ಅತ್ತೆ ಮೂಗು ಮುರಿದುಕೊಂಡು ಎದ್ದಳು. ಗಂಡ ಬರದೆ ಮಗುವಿನ ಔಷಧಿ ಇಲ್ಲ ಅನ್ನುವುದು ಪೆಯ್‌ಲಾನ್‌ಳ ಕ್ಲಿನಿಕ್ಕಿನ ನಿಯಮ. ಇದರಿಂದ ಅವಳು ಕಳೆದುಕೊಂಡ ರೋಗಿಗಳು ಕಡಿಮೆಯಲ್ಲ, ಆದರೂ ಪಟ್ಟು ಬಿಟ್ಟಿರಲಿಲ್ಲ.

ಹಿಂದೆ ಅವಳ ಗಂಡನ ಮನೆಯಲ್ಲಿ ಇಂಥ ನಿಯಮ ಇರಲಿಲ್ಲ. ಅಲ್ಲಿ ವರ್ಷಗಟ್ಟಲೆ ಅವಳ ಹೆಸರಿನಲ್ಲಿ ಒಲೆ ಹೊತ್ತಿತ್ತು. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು. ಬಂದ ನೆಂಟರೆಲ್ಲ ವಾಸನೆ ಹಿಡಿದು, 'ಸೊಸೆಗಾ?' ಅನ್ನುತ್ತಿದ್ದರು. ಕೊನೆಗೆ ದೊಡ್ಡಾಸ್ಪತ್ರೆಯವರು ಅವಳಿಗೆ ಮಗುವಾಗುವುದಿಲ್ಲ ಅಂತ ಹೇಳಿದಾಗ ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಒಂದು ಬಿಡುಗಡೆಯೇ ಸಿಕ್ಕಿತು. ಇನ್ನು ಕುಡಿಯಬೇಕಾಗಿರಲಿಲ್ಲ. ಗಂಡ ಕೆಟ್ಟವನೇನಲ್ಲ, ಅಮ್ಮನ ಎದುರು ಬಾಯಿಲ್ಲದವನು. ಅವಳು ವಿಚ್ಛೇದನ ಪಡೆದು ಆ ಮನೆ ಬಿಟ್ಟು ಬಂದ ಮೇಲೆ ತನ್ನ ಅಡುಗೆಮನೆಯಲ್ಲಿ ಕಷಾಯದ ಮಡಕೆಯನ್ನೇ ಇಟ್ಟುಕೊಳ್ಳಲಿಲ್ಲ.

ಹಾಗಾಗಿಯೇ ಈ ಚಳಿಗಾಲದ ಕೊನೆಯಲ್ಲಿ ಅವಳು ಮಡಕೆ ಕಡ ತರಬೇಕಾಗಿ ಬಂತು. ಮುಟ್ಟು ಶುರುವಾಗಿದ್ದು ನಿಲ್ಲಲೇ ಇಲ್ಲ. ಬೇರೆ ಹೆಂಗಸರಿಗೆ ದಿನವಿಡೀ ಹೇಳುವ ಬುದ್ಧಿಮಾತನ್ನೆಲ್ಲ ತನ್ನ ವಿಷಯದಲ್ಲಿ ಗಾಳಿಗೆ ತೂರಿದ್ದಳು. ಬೇರಿನ ಚೀಲ ಇಳಿಸಲು ಬಂದ ಗೂ ಹಾನ್ ಅವಳು ಗೋಡೆ ಹಿಡಿದು ನಿಂತಿದ್ದನ್ನು ನೋಡಿದ.

"ಡಾಕ್ಟ್ರೇ, ಕೂತ್ಕೊಳ್ಳಿ."

"ಏನಿಲ್ಲ, ಸ್ವಲ್ಪ ತಲೆಸುತ್ತು."

"ನಮ್ಮಮ್ಮ ಹೀಗಂದಾಗ ನೀವು ಬೈದಿದ್ರಿ. ಏನಿಲ್ಲ ಏನಿಲ್ಲ ಅನ್ನೋ ಹೆಂಗಸರಿಂದಾನೇ ನನಗೆ ತಲೆನೋವು ಅಂದಿದ್ರಿ."

ಗೂ ಹಾನ್ ಓಣಿಯ ಆ ತುದಿಯಲ್ಲಿ ಪಿಯೋನಿ ಅನ್ನುವ ಹೂಗಿಡದ ಬೇರಿನ ವ್ಯಾಪಾರಿ. ಬೇರನ್ನು ಬೇಯಿಸಿ, ಸುಲಿದು, ಒಣಗಿಸಿ, ಹಪ್ಪಳಕ್ಕಿಂತ ತೆಳ್ಳಗೆ ಹೆಚ್ಚಿ ಮಾರುವವನು. ಹೆಂಗಸರ ಔಷಧಿಯಲ್ಲಿ ಆ ಬೇರು ಬೇಕೇ ಬೇಕು. ಹೀಗಾಗಿ ವರ್ಷಗಳಿಂದ ಕ್ಲಿನಿಕ್ಕಿಗೆ ಬಂದು ಹೋಗುತ್ತಿದ್ದ. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಯಾಕೆ ಅಂದರೆ, 'ಬೇರು ಒಣಗಲಿ ಅಂತ ಕಾಯ್ತಾ ಕಾಯ್ತಾ ಮರೆತೇಹೋಯ್ತು' ಅನ್ನುತ್ತಿದ್ದ. ಅವತ್ತು ಸಂಜೆಯೇ ಅವನ ಮನೆಯ ಕರಿ ಮಡಕೆ ಪೆಯ್‌ಲಾನ್‌ಳ ಒಲೆಯ ಮೇಲಿತ್ತು.

ಪಿಯೋನಿ ಗಿಡದ ಕೆಂಪು ಚಿಗುರು ನೆಲದಿಂದ ತಲೆ ಎತ್ತುವ ಹೊತ್ತಿಗೆ ಅವಳು ಗುಣವಾದಳು. ಮಡಕೆ ತೆಗೆದುಕೊಂಡು ಹೋಗಲು ಗೂ ಹಾನ್ ಬಂದ. ಚಹಾ ಕುಡಿದ, ಈ ಸಲದ ಬಿಸಿಲನ್ನು ಬೈದ, ಬರಿಗೈಯಲ್ಲಿ ಹೋದ. ಇನ್ನೊಂದು ದಿನ ಮತ್ತೆ ಬಂದ.

"ಮಡಕೆ ಅಲ್ಲೇ ಇದೆ," ಅಂದಳು ಪೆಯ್‌ಲಾನ್.

"ಇರಲಿ ಬಿಡಿ. ಪೂರ್ತಿ ಗುಣ ಆಗಿದ್ಯಾ ಅಂತ ನೋಡ್ಬೇಕಲ್ಲ."

"ಡಾಕ್ಟರು ನಾನಾ, ನೀವಾ?"

"ಈ ಮನೇಲಿ ಇಬ್ಬರು ಡಾಕ್ಟರಿಗೆ ಜಾಗ ಇಲ್ವಾ?"

ಮೂರನೇ ಸಲ ಬಂದಾಗ ಅವನು ಮಡಕೆಯ ಕಡೆ ನೋಡಿದ, ಅವಳ ಕಡೆ ನೋಡಿದ, ಮತ್ತೆ ಮಡಕೆಯ ಕಡೆ ನೋಡಲು ಹೋಗಲಿಲ್ಲ. ಅವಳು ಚಹಾದ ಬಟ್ಟಲಿನಲ್ಲಿ ಏನೋ ಬಿದ್ದಿದೆ ಅನ್ನುವ ಹಾಗೆ ತಲೆ ತಗ್ಗಿಸಿಕೊಂಡಳು. ಬಟ್ಟಲಿನಲ್ಲಿ ಏನೂ ಬಿದ್ದಿರಲಿಲ್ಲ. ಅವನು ಹೋದ ಮೇಲೆ ಸುಮಾರು ಹೊತ್ತು ಒಬ್ಬಳೇ ನಕ್ಕಳು, ಆಮೇಲೆ ತನ್ನ ನಗು ಕೇಳಿ ತಾನೇ ಗಾಬರಿಯಾದಳು.

ಮಾರನೇ ದಿನ ಅವಳು ಓಣಿಯಲ್ಲಿ ಹೋಗುವಾಗ ಗೂ ಹಾನ್‌ನ ತಾಯಿ ಬಿಸಿಲಿಗೆ ಕೂತು ಕೂಸಿನ ಪುಟ್ಟ ಬೂಟು ಹೊಲಿಯುತ್ತಿದ್ದಳು. ಮುಂದೆ ಹುಲಿಯ ಮುಖ, ಎರಡು ಕಿವಿ, ಮೀಸೆ.

"ಯಾರಿಗೆ, ದೊಡ್ಡಮ್ಮ?"

"ನನ್ನ ಮೊಮ್ಮಗೂಗೆ."

"ಮೊಮ್ಮಗು ಎಲ್ಲಿದೆ?"

"ಇನ್ನೂ ಇಲ್ಲ. ನನ್ನ ಕಣ್ಣು ಇರೋವಾಗ್ಲೇ ಹೊಲಿದಿಟ್ರೆ ಒಳ್ಳೇದಲ್ವಾ?" ಮುದುಕಿ ಅವಳನ್ನೇ ನೋಡಿ ನಕ್ಕಳು.

ಪೆಯ್‌ಲಾನ್ ಮನೆಗೆ ಹೋಗಿ ಮಡಕೆಯನ್ನು ತಿಕ್ಕಿ ತೊಳೆದಳು. ಮುಂದಿನ ಮಂಗಳವಾರ ಅದನ್ನು ಮೆಟ್ಟಿಲ ಮೇಲೆ ಇಟ್ಟು ಬಂದಳು.

ಅವತ್ತು ಹತ್ತು ಗಂಟೆಯ ಹೊತ್ತಿಗೆ ಆ ತಾಯಿ ಕ್ಲಿನಿಕ್ಕಿನ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಒಳಗೆ ಬರಲಿಲ್ಲ. ಹೊರಗೇ ನಿಂತು ಓಣಿಗೆಲ್ಲ ಕೇಳುವ ಹಾಗೆ ಶುರುಮಾಡಿದಳು.

"ಏನೇ, ಓದಿರೋಳೇ! ನಮ್ಮ ಮಡಕೇನ ನಮ್ಮ ಬಾಗಿಲಿಗೇ ತಂದಿಟ್ಟಿದ್ದೀಯಲ್ಲ! ನಾವು ನಿನಗೆ ಏನು ಮಾಡಿದ್ವಿ? ನನ್ನ ಮಗ, ಆ ದಡ್ಡ, ಮೂರು ಸಲ ಬಂದು ಬಾಯಿ ತೆಗೀದೆ ವಾಪಸ್ ಬಂದ. ಬೇಡ ಅನ್ನೋದಾದ್ರೆ ಬೇಡ ಅನ್ಬೇಕಿತ್ತು. ಮನುಷ್ಯರಿಗೆ ಬಾಯಿ ಇರೋದು ಯಾಕೆ?"

ಸಾಲಿನಲ್ಲಿ ಕೂತಿದ್ದ ಹೆಂಗಸರು ಬಾಗಿಲ ಕಡೆ ಕತ್ತು ಚಾಚಿದರು. ಪೆಯ್‌ಲಾನ್ ಔಷಧಿ ಚೀಟಿ ಬರೆಯುವುದನ್ನು ನಿಲ್ಲಿಸಲಿಲ್ಲ, ಆದರೆ ಬರೆದದ್ದನ್ನು ಹರಿದು ಮತ್ತೆ ಬರೆಯಬೇಕಾಯಿತು.

ಮಧ್ಯಾಹ್ನ ಕ್ಲಿನಿಕ್ ಖಾಲಿಯಾಗುವ ಹೊತ್ತಿಗೆ ಗೂ ಹಾನ್ ಬಂದ. ಬೈಗುಳಕ್ಕೆ ಅವಳು ತಯಾರಾಗಿದ್ದಳು.

"ಮಡಕೆ ಒಡೆದುಹೋಯ್ತು," ಅಂದ.

"ಬಿತ್ತಾ?"

"ಅಮ್ಮ ಒಡೆದ್ರು. ಇಲ್ಲಿಂದ ಬಂದೋರು ಸೀದಾ ಹೊಳೆ ದಂಡೆಗೆ ಎತ್ಕೊಂಡು ಹೋದ್ರು. ನಮ್ಮನೇಲಿದ್ರೆ ನಮಗೆ ಕಾಯಿಲೆ, ತಿರುಗಿ ಕೊಟ್ರೆ ಆ ಹುಡುಗಿಗೆ ಕಾಯಿಲೆ, ಎರಡೂ ಬೇಡ ಅಂತ ಕಲ್ಲಿಗೆ ಅಪ್ಪಳಿಸಿದ್ರು. ಆಮೇಲೆ ಅಲ್ಲೇ ಕೂತು ಅತ್ರು. ಅವರ ಅತ್ತೆ ಕೊಟ್ಟಿದ್ದ ಮಡಕೆ ಅದು."

ಇದಕ್ಕೆ ಮಾತ್ರ ಅವಳು ತಯಾರಾಗಿರಲಿಲ್ಲ. ಅಷ್ಟು ಸಿಟ್ಟಿನಲ್ಲೂ ತನ್ನ ಆರೋಗ್ಯದ ಬಗ್ಗೆ ಯೋಚಿಸಿದವರನ್ನು ಅವಳು ಯಾವ ಮನೆಯಲ್ಲೂ ಕಂಡಿರಲಿಲ್ಲ.

"ನನಗೆ ಮಕ್ಕಳಾಗಲ್ಲ," ಅಂದಳು. "ಅದಕ್ಕೇ ತಂದಿಟ್ಟೆ. ನೀವು ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಹೋಗಿಬಿಡ್ಲಿ ಅಂತ."

"ಗೊತ್ತು."

"ಏನು ಗೊತ್ತು?"

"ಮಕ್ಕಳ ವಿಷಯ. ನೀವು ಈ ಓಣಿಗೆ ಬಂದ ವಾರಾನೇ ರೊಟ್ಟಿಯವಳು ಎಲ್ಲರಿಗೂ ಹೇಳಿದ್ಲು."

"ಗೊತ್ತಿದ್ದೂ..."

"ಗೊತ್ತಿದ್ದೂ ಮೂರು ಸಲ ಮಡಕೆ ಮರೆತೆ."

ಅವಳು ಕಿಟಕಿಯ ಕಡೆ ತಿರುಗಿದಳು.

"ನಿಮಗೆ ಮಗು ಬೇಕು ಅನ್ಸಲ್ವಾ?"

"ಅನ್ಸುತ್ತೆ. ಸುಳ್ಳು ಯಾಕೆ ಹೇಳ್ಲಿ? ಅಮ್ಮನಿಗಂತೂ ಇನ್ನೂ ಜಾಸ್ತಿ. ಅವರಿಗೆ ಬೇಜಾರಾಗುತ್ತೆ, ನನಗೂ ಒಂದೊಂದು ದಿನ ಆಗಬಹುದು. ಆದ್ರೆ ನೀವು ಗೋಡೆ ಹಿಡ್ಕೊಂಡು ನಿಂತಿದ್ರಲ್ಲ, ಅವತ್ತಿಂದ ನನಗೆ ಬೇರೆ ಯೋಚನೆ ಬಂದಿಲ್ಲ. ನೀವು ಊಟ ಮಾಡಿದ್ರಾ, ಮಲಗಿದ್ರಾ, ಇಷ್ಟೇ."

"ಮಾತು ಚೆನ್ನಾಗಿದೆ," ಅಂದಳು. "ಕೇಳಿ. ಕಾಯಿಲೆಯವಳು ಅಂತ ಅನ್ನಿಸ್ಕೊಂಡು ನಾನು ಇನ್ನೊಂದು ಮನೇಲಿ ಬದುಕೋಳಲ್ಲ. ಇವತ್ತು ನಿಮ್ಮಮ್ಮ ಅತ್ರು. ಮುಂದಿನ ವರ್ಷ ಅವರೇ ಒಂದು ಹೊಸ ಮಡಕೆ ತಂದು, ಒಂದೇ ಒಂದ್ಸಲ ಪ್ರಯತ್ನ ಮಾಡಮ್ಮ ಅಂತ ಬಟ್ಟಲು ತಂದಿಟ್ರೆ? ಆಗ ನೀವೇನು ಮಾಡ್ತೀರಿ?"

ಗೂ ಹಾನ್ ಆ ಅಡುಗೆಮನೆ, ಆ ಬಟ್ಟಲು, ಬಾಗಿಲಲ್ಲಿ ನಿಂತ ಅಮ್ಮ, ಎಲ್ಲವನ್ನೂ ಕಣ್ಣೆದುರಿಗೆ ತಂದುಕೊಂಡು ನೋಡಿದವನ ಹಾಗೆ ಹುಬ್ಬು ಗಂಟಿಕ್ಕಿದ.

"ನಾನು ಕುಡೀತೀನಿ," ಅಂದ.

"ಏನು?"

"ಅಮ್ಮನ ಎದುರಿಗೇ. ತಂದಿದ್ದಷ್ಟೂ. ಅವರಿಗೆ ಬೇಜಾರಾಗೋ ತನಕ."

"ರೀ, ಅದು ಹೆಂಗಸರ ಔಷಧಿ!"

"ಅದರಲ್ಲಿರೋ ಬೇರು ನಾನೇ ಹೆಚ್ಚಿದ್ದು. ನನಗೆ ಅದರ ಭಯ ಇಲ್ಲ."

ಪೆಯ್‌ಲಾನ್‌ಗೆ ನಗು ಬಂತು. ತಡೆಯಲು ಹೋದಳು, ನಗುವಿನ ಜೊತೆ ಅಳುವೂ ಬಂತು. ಅಷ್ಟು ವರ್ಷ ಒಂದು ಮನೆಯಲ್ಲಿ ಬಟ್ಟಲು ಹಿಡಿದು ಕೂತಿದ್ದಾಗ ಯಾರಾದರೂ ಹೇಳಬಹುದಾಗಿದ್ದ, ಯಾರೂ ಹೇಳದೇ ಹೋದ ಮಾತು ಅದು. ಅವನು ಹತ್ತಿರ ಬಂದು ನಿಂತ. ಏನು ಮಾಡಬೇಕೋ ತಿಳಿಯದೆ, ಬೇರಿನ ವಾಸನೆಯ ಅಂಗಿಯ ತೋಳನ್ನೇ ಕಣ್ಣೊರೆಸಿಕೊಳ್ಳಲು ಮುಂದೆ ಚಾಚಿದ. ಅವಳು ಒರೆಸಿಕೊಂಡಳು.

"ಈಗ ಮಡಕೇನೂ ಇಲ್ಲ," ಅಂದಳು. "ಇನ್ನು ಯಾವ ನೆಪ ಹೇಳ್ಕೊಂಡು ಬರ್ತೀರಿ?"

"ಇವತ್ತು ಯಾವ ನೆಪ ಹೇಳ್ದೆ? ಸುಮ್ಮನೆ ಬಂದೆ."

"ನೀವು ಬಂದಾಗಲೆಲ್ಲ ನನಗೆ ಭಯ ಆಗ್ತಿತ್ತು. ಇವತ್ತು ಮಡಕೆ ತಗೊಂಡು ಹೋಗೇಬಿಡ್ತೀರಿ ಅಂತ."

ಅದನ್ನು ಹೇಳಿಬಿಟ್ಟ ಮೇಲೆ ಅವಳಿಗೆ ನಾಚಿಕೆಯೂ ಆಗಲಿಲ್ಲ. ಹೊರಗೆ ಯಾರೋ ರೋಗಿ ಬಂದು, ಒಳಗೆ ಬರಬಹುದಾ ಅಂತ ಕೂಗಿದಳು.

"ಸ್ವಲ್ಪ ಇರಿ," ಅಂದಳು ಪೆಯ್‌ಲಾನ್, ಅವನ ತೋಳು ಬಿಡದೆ.